ಪೆನ್ ಕಿಟ್

ಪೆನ್ ಕಿಟ್ ಎಂದರೆ ಲೇತ್ ಯಂತ್ರದಲ್ಲಿ ಕೈಯಾರೆ ಕಡೆದು ತಯಾರಿಸುವ ಲೇಖನಿಗೆ ಬೇಕಾದ ಲೋಹದ ಬಿಡಿಭಾಗಗಳ ಸಿದ್ಧ ಕಟ್ಟು. ಲೇಖನಿಯ ಹೊರಮೈಯಾದ ಮರ, ಕೊಂಬು, ರಾಳ ಅಥವಾ ಅಕ್ರಿಲಿಕ್ ಭಾಗವನ್ನು ಕುಶಲಕರ್ಮಿಯು ತಾನೇ ಕಡೆಯುತ್ತಾನೆ. ಒಳಗಿನ ಹಿತ್ತಾಳೆಯ ಕೊಳವೆ, ತುದಿ, ತಿರುಗಿಸುವ ಯಂತ್ರಾಂಗ, ಕ್ಲಿಪ್, ಮುಚ್ಚಳದ ತಲೆ ಮತ್ತು ರೀಫಿಲ್ ಕಿಟ್‌ನಲ್ಲಿ ಬರುತ್ತವೆ. ಕರ್ನಾಟಕದಲ್ಲಿ ಮರ ಕಡೆಯುವ ಕಸುಬಿಗೆ ಹೆಸರಾದ ಊರು ಚನ್ನಪಟ್ಟಣ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅದರ ಮುಂದಿನ ತಾಲ್ಲೂಕು ಕೇಂದ್ರ ಮಂಡ್ಯ ಜಿಲ್ಲೆಯ ಮದ್ದೂರು. ಈ ಸೀಮೆಯಲ್ಲಿ ಮರವೂ ಕಸುಬೂ ಹಿಂದಿನಿಂದ ಬಂದಿರುವುದರಿಂದ, ಲೇಖನಿ ಕಡೆಯಲು ತೊಡಗುವವರಿಗೆ ಹೊಸದಾಗಿ ಎದುರಾಗುವ ಪ್ರಶ್ನೆ ಕಿಟ್‌ನದೇ ಆಗಿರುತ್ತದೆ.

ಕಿಟ್‌ಗಳನ್ನು ಸಾಮಾನ್ಯವಾಗಿ ಅವುಗಳ ಹೊಳಪು ಮತ್ತು ಆಕಾರವನ್ನು ನೋಡಿ ಆರಿಸಲಾಗುತ್ತದೆ. ಆದರೆ ಕಡೆದ ಲೇಖನಿ ಮೂಲೆ ಸೇರುವುದು ಬಹುತೇಕ ಮರ ಕೆಟ್ಟು ಅಲ್ಲ. ರೀಫಿಲ್ ಸಿಗದೆ, ಲೋಹದ ಲೇಪ ಸವೆದು, ಇಲ್ಲವೇ ಕೊಳವೆಯ ಮೇಲಿನ ತೆಳು ಮರ ಸೀಳಿ. ಈ ಮೂರನ್ನೂ ನಿರ್ಧರಿಸುವುದು ಕಿಟ್.

ರಚನೆ

ಸರಳವಾದ ಕಿಟ್‌ನಲ್ಲಿ ಒಂದು ಅಥವಾ ಎರಡು ಹಿತ್ತಾಳೆ ಕೊಳವೆಗಳಿರುತ್ತವೆ. ಚೌಕಾಕಾರದ ಮರದ ತುಂಡಿಗೆ (ಇದನ್ನು ಬ್ಲಾಂಕ್ ಎಂದು ಕರೆಯುತ್ತಾರೆ) ಉದ್ದಕ್ಕೂ ರಂಧ್ರ ಕೊರೆದು ಕೊಳವೆಯನ್ನು ಅಂಟಿಸಲಾಗುತ್ತದೆ. ಅಂಟು ಒಣಗಿದ ಮೇಲೆ ತುಂಡಿನ ಎರಡೂ ತುದಿಗಳನ್ನು ಕೊಳವೆಗೆ ಸರಿಸಮವಾಗಿ, ಅದಕ್ಕೆ ಲಂಬವಾಗಿ ಸವರಬೇಕು. ನಂತರ ಮ್ಯಾಂಡ್ರೆಲ್ ಎಂಬ ಉಕ್ಕಿನ ಕಂಬಿಗೆ ತುಂಡನ್ನು ಪೋಣಿಸಿ, ಎರಡೂ ಬದಿಗೆ ಬುಷಿಂಗ್ ಎಂಬ ಉಕ್ಕಿನ ಬಳೆಗಳನ್ನಿಟ್ಟು ಕಡೆಯಲಾಗುತ್ತದೆ. ಬುಷಿಂಗ್‌ನ ಹೊರವ್ಯಾಸವು ಆಯಾ ಕಿಟ್‌ನ ಲೋಹದ ಭಾಗದ ವ್ಯಾಸಕ್ಕೆ ಸಮನಾಗಿರುವುದರಿಂದ, ಮರವು ಬುಷಿಂಗ್‌ನ ಮಟ್ಟಕ್ಕೆ ಬಂದಾಗ ಕಡೆತ ಮುಗಿದಂತೆ. ಬುಷಿಂಗ್‌ಗಳು ಒಂದು ಮಾದರಿಯಿಂದ ಇನ್ನೊಂದಕ್ಕೆ ಹೊಂದುವುದು ಕಡಿಮೆ. ಡ್ರಿಲ್ ಮೊನೆಯೂ ಹಾಗೆಯೇ. ಆದ್ದರಿಂದ ಹತ್ತು ಮಾದರಿಯ ಒಂದೊಂದು ಕಿಟ್ ಕೊಳ್ಳುವವರು ಹತ್ತು ಜೊತೆ ಬುಷಿಂಗ್‌ಗಳನ್ನೂ ಹಲವು ಡ್ರಿಲ್ ಮೊನೆಗಳನ್ನೂ ಕೊಳ್ಳಬೇಕಾಗುತ್ತದೆ. ಕಲಿಕೆಯ ಹಂತದಲ್ಲಿ ಒಂದೇ ಮಾದರಿಯನ್ನು ಹಿಡಿದು ನಡೆಯುವುದು ಹಣದ ದೃಷ್ಟಿಯಿಂದಲೂ ಕೈ ಪಳಗುವ ದೃಷ್ಟಿಯಿಂದಲೂ ಮೇಲು.

ಕೊನೆಯಲ್ಲಿ ಲೋಹದ ಭಾಗಗಳನ್ನು ಕೊಳವೆಯೊಳಕ್ಕೆ ಒತ್ತಿ ಕೂರಿಸಲಾಗುತ್ತದೆ. ಇಲ್ಲಿ ಸ್ಕ್ರೂ ಇಲ್ಲ, ಅಂಟೂ ಸಾಮಾನ್ಯವಾಗಿ ಬೇಕಿಲ್ಲ, ಬಿಗಿಯೇ ಹಿಡಿತ. ತಿರುಗಿಸುವ ಯಂತ್ರಾಂಗವನ್ನು ಅಗತ್ಯಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚು ಒಳಕ್ಕೆ ಒತ್ತಿದರೆ ರೀಫಿಲ್‌ನ ಮೊನೆ ಒಳಗೆ ಹೋಗದೆ ಹೊರಗೇ ಉಳಿಯುತ್ತದೆ, ಅಂಗಿಯ ಜೇಬು ಕಲೆಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಒತ್ತಿ, ಪ್ರತಿ ಸಲವೂ ರೀಫಿಲ್ ಹಾಕಿ ನೋಡುವುದು ರೂಢಿ.

ಅಮೆರಿಕದ ಬೆರಿಯಾ ಹಾರ್ಡ್‌ವುಡ್ಸ್, ಪೆನ್ ಸ್ಟೇಟ್ ಇಂಡಸ್ಟ್ರೀಸ್ ಮುಂತಾದ ಸಂಸ್ಥೆಗಳ ಹೆಸರಿನಲ್ಲಿ ಮಾರಾಟವಾಗುವ ಕಿಟ್‌ಗಳಲ್ಲಿ ಬಹುಪಾಲು ತಯಾರಾಗುವುದು ತೈವಾನ್ ಮತ್ತು ಚೀನಾದಲ್ಲಿ. ಒಂದೇ ವಿನ್ಯಾಸ ಬೇರೆ ಬೇರೆ ಹೆಸರುಗಳಲ್ಲಿ ದೊರೆಯುವುದುಂಟು. ಹೆಸರು ಒಂದೇ ಆಗಿದ್ದರೂ ಅಳತೆ ಕೂದಲೆಳೆಯಷ್ಟು ಬೇರೆಯಾಗಿರುವುದೂ ಉಂಟು. ಹಾಗಾಗಿ ಕೊಳವೆಯನ್ನು ಕ್ಯಾಲಿಪರ್‌ನಿಂದ ಅಳೆಯದೆ ರಂಧ್ರ ಕೊರೆಯಬಾರದು.

ರೀಫಿಲ್

ಕಿಟ್‌ನ ಆಯ್ಕೆಯಲ್ಲಿ ಮೊದಲು ಕೇಳಬೇಕಾದುದು ಅದು ಯಾವ ರೀಫಿಲ್ ಬೇಡುತ್ತದೆ ಎಂಬುದನ್ನು. ಕೈಯಿಂದ ಕಡೆದ ಬಾಲ್‌ಪಾಯಿಂಟ್ ಲೇಖನಿಗಳಲ್ಲಿ ಎರಡು ಮಾದರಿಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ಕ್ರಾಸ್ ಮಾದರಿ: ತೆಳ್ಳಗಿನ, ಉದ್ದನೆಯ ರೀಫಿಲ್. ಎರಡನೆಯದು ಪಾರ್ಕರ್ ಮಾದರಿ: ಸುಮಾರು 98 ಮಿ.ಮೀ. ಉದ್ದ, ಸುಮಾರು 6 ಮಿ.ಮೀ. ದಪ್ಪ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 12757 ಮಾನಕದಲ್ಲಿ ಈ ಎರಡನೆಯ ಆಕಾರಕ್ಕೆ ಜಿ2 ಎಂಬ ಗುರುತಿದೆ. ಪೈಲಟ್ ಕಂಪನಿಯ ಜಿ2 ಎಂಬ ಜೆಲ್ ಪೆನ್ನಿಗೂ ಈ ಗುರುತಿಗೂ ಸಂಬಂಧವಿಲ್ಲ. ಹೆಸರಿನ ಈ ಗೊಂದಲದಿಂದ ತಪ್ಪು ರೀಫಿಲ್ ತರಿಸಿಕೊಂಡವರು ಕಡಿಮೆಯಿಲ್ಲ.

ಪಾರ್ಕರ್ ಮಾದರಿಯ ರೀಫಿಲನ್ನು ಅನೇಕ ಕಂಪನಿಗಳು ತಯಾರಿಸುತ್ತವೆ. ಬಾಲ್‌ಪಾಯಿಂಟ್ ಶಾಯಿ ಮಾತ್ರವಲ್ಲದೆ ಜೆಲ್ ಶಾಯಿಯ ರೀಫಿಲ್ ಸಹ ಇದೇ ಆಕಾರದಲ್ಲಿ ದೊರೆಯುತ್ತದೆ. ಮಂಡ್ಯ, ಮದ್ದೂರಿನಂಥ ಪಟ್ಟಣದಲ್ಲಿ ಪರೀಕ್ಷೆಯ ಹಿಂದಿನ ದಿನ ಶಾಯಿ ಮುಗಿದ ವಿದ್ಯಾರ್ಥಿಗೆ ಈ ರೀಫಿಲ್ ಸಿಗುವ ಸಂಭವ ಹೆಚ್ಚು. ಕ್ರಾಸ್ ಮಾದರಿಯದಕ್ಕೆ ದೊಡ್ಡ ನಗರದ ಅಂಗಡಿಯನ್ನೋ ಅಂಚೆಯನ್ನೋ ಅವಲಂಬಿಸಬೇಕಾಗಬಹುದು. ಮಂಡ್ಯ ತಾಲ್ಲೂಕಿನ ದುದ್ದದಂಥ ಹೋಬಳಿ ಕೇಂದ್ರದಲ್ಲಿರುವವರು ಲೇಖನಿಯನ್ನು ಉಡುಗೊರೆಯಾಗಿ ಪಡೆದರೆ ಈ ವ್ಯತ್ಯಾಸ ಸಣ್ಣದಲ್ಲ: ಮೊದಲ ರೀಫಿಲ್ ಮುಗಿದ ದಿನವೇ ಲೇಖನಿ ಷೋಕೇಸು ಸೇರುತ್ತದೆ. ಕೊಡುವವರು ಒಂದೆರಡು ಹೆಚ್ಚುವರಿ ರೀಫಿಲ್‌ಗಳನ್ನು ಜೊತೆಗಿಡುವುದು ಇದಕ್ಕೆ ಅರ್ಧ ಪರಿಹಾರ.

ಚನ್ನಪಟ್ಟಣದ ರಸ್ತೆಬದಿಯ ಅಂಗಡಿಗಳಲ್ಲಿ ಗೊಂಬೆಗಳ ಜೊತೆ ಬಣ್ಣದ ಮರದ ಪೆನ್ನುಗಳೂ ಮಾರಾಟಕ್ಕಿರುತ್ತವೆ. ಇಂಥ ಅಗ್ಗದ ಪೆನ್ನುಗಳಿಗೆ ಕಿಟ್ ಬೇಕಾಗುವುದಿಲ್ಲ. ಮರದಲ್ಲಿಯೇ ರಂಧ್ರ ಕೊರೆದು ಸಾಮಾನ್ಯ ಪ್ಲಾಸ್ಟಿಕ್ ರೀಫಿಲನ್ನು ತೂರಿಸಿದರೆ ಆಯಿತು. ಕ್ಲಿಪ್ ಇಲ್ಲ, ತಿರುಗಿಸುವ ಯಂತ್ರಾಂಗವಿಲ್ಲ. ಆದರೂ ರೀಫಿಲ್ ಯಾವ ಹಳ್ಳಿಯ ಅಂಗಡಿಯಲ್ಲಾದರೂ ಸಿಗುತ್ತದೆ ಎಂಬ ಒಂದು ಗುಣದಲ್ಲಿ ಈ ಪೆನ್ನು ದುಬಾರಿ ಕಿಟ್‌ನ ಲೇಖನಿಯನ್ನು ಮೀರಿಸುತ್ತದೆ.

ಕೊಳವೆಯ ವ್ಯಾಸ ಮತ್ತು ಮರದ ದಪ್ಪ

ಕಿಟ್‌ಗಳಲ್ಲಿ ಅತ್ಯಂತ ಪ್ರಚಲಿತವಾದುದು ಸ್ಲಿಮ್‌ಲೈನ್. ಇದರಲ್ಲಿ 7 ಮಿ.ಮೀ. ವ್ಯಾಸದ ಎರಡು ಕೊಳವೆಗಳಿದ್ದು, ಒಂದೊಂದೂ ಸುಮಾರು 53 ಮಿ.ಮೀ. ಉದ್ದವಿರುತ್ತದೆ. ರೀಫಿಲ್ ಕ್ರಾಸ್ ಮಾದರಿಯದು. ಬೆಲೆ ಕಡಿಮೆ, ಭಾಗಗಳು ಕೆಲವೇ. ಆದ್ದರಿಂದ ತರಬೇತಿಗಳಲ್ಲಿ ಇದನ್ನೇ ಮೊದಲು ಕೊಡುವ ಪದ್ಧತಿಯಿದೆ. ಆದರೆ ಇದು ಹೆಸರಿಗೆ ತಕ್ಕಂತೆ ತೆಳುವಾದ ಲೇಖನಿ. ಬುಷಿಂಗ್‌ನ ವ್ಯಾಸ ಸುಮಾರು 8.3 ಮಿ.ಮೀ. ಎಂದಿಟ್ಟುಕೊಂಡರೆ, ತುದಿಗಳಲ್ಲಿ ಕೊಳವೆಯ ಮೇಲೆ ಉಳಿಯುವ ಮರದ ದಪ್ಪ 0.65 ಮಿ.ಮೀ. ಮಾತ್ರ. ಉಳಿ ಒಮ್ಮೆ ಕಚ್ಚಿದರೆ ತುದಿ ಸಿಡಿಯಲು ಇಷ್ಟು ಸಾಕು. ಅಗ್ಗವಾಗಿರುವುದರಿಂದ ಆರಂಭಿಕರಿಗೆ ಸೂಕ್ತ ಎನ್ನುವ ಮಾತು ಅರ್ಧ ಸತ್ಯ. ಕೈತಪ್ಪನ್ನು ಅತಿ ಕಡಿಮೆ ಸಹಿಸುವ ಕಿಟ್‌ಗಳಲ್ಲಿ ಇದೂ ಒಂದು. ನಡುಭಾಗವನ್ನು ತುಸು ಉಬ್ಬಾಗಿ ಬಿಟ್ಟು ತುದಿಗಳಲ್ಲಿ ಮಾತ್ರ ಬುಷಿಂಗ್‌ಗೆ ಇಳಿಸಿದರೆ ಬೆರಳಿಗೂ ಹಿಡಿತ ಸಿಗುತ್ತದೆ, ಮರಕ್ಕೂ ಬಲ ಉಳಿಯುತ್ತದೆ.

ಸಿಗಾರ್ ಎಂಬ ಕಿಟ್‌ನಲ್ಲಿ ಕೊಳವೆಗೆ 10 ಮಿ.ಮೀ. ರಂಧ್ರ ಬೇಕು. ಲೇಖನಿಯ ನಡುವಿನ ವ್ಯಾಸ ಸುಮಾರು 15 ಮಿ.ಮೀ. ಇರುವುದರಿಂದ ಅಲ್ಲಿ ಎರಡು ಮಿಲಿಮೀಟರಿಗೂ ಹೆಚ್ಚು ಮರ ಉಳಿಯುತ್ತದೆ. ಗೆರೆ, ಗಂಟು, ಬಣ್ಣ ಎದ್ದು ಕಾಣುವ ಮರಕ್ಕೆ ಇದು ಹೊಂದುತ್ತದೆ. ಪಾರ್ಕರ್ ಮಾದರಿಯ ರೀಫಿಲ್ ಹಿಡಿಯುತ್ತದೆ. ತೂಕ ಮಾತ್ರ ಹೆಚ್ಚು. ಮೂರು ಗಂಟೆ ಬಿಡದೆ ಬರೆಯುವ ವಿದ್ಯಾರ್ಥಿಗಿಂತ ದಿನಕ್ಕೆ ನಾಲ್ಕು ಸಹಿ ಹಾಕುವವರಿಗೆ ಹೆಚ್ಚು ಸರಿಹೋಗುತ್ತದೆ. ಸಿಯೆರಾ ಎಂಬುದು ಒಂದೇ ಕೊಳವೆಯ ಕಿಟ್. ರಂಧ್ರದ ಅಳತೆ 27/64 ಅಂಗುಲ, ಅಂದರೆ ಸುಮಾರು 10.7 ಮಿ.ಮೀ.; ರೀಫಿಲ್ ಪಾರ್ಕರ್ ಮಾದರಿಯದು. ಕಡೆಯಬೇಕಾದುದು ಒಂದೇ ತುಂಡು. ಸ್ಲಿಮ್‌ಲೈನ್‌ನಲ್ಲಿ ಮೇಲಿನ ಮತ್ತು ಕೆಳಗಿನ ಭಾಗಗಳ ಮರದ ಗೆರೆಗಳನ್ನು ಹೊಂದಿಸುವ ಕಷ್ಟವಿದೆ, ಇಲ್ಲಿ ಅದಿಲ್ಲ. ತುದಿಗಳಲ್ಲಿ ಮರ ತೆಳುವಾಗಿಯೇ ಇರುತ್ತದಾದರೂ ಕೆಲಸ ಬೇಗ ಮುಗಿಯುತ್ತದೆ. ರೀಫಿಲ್ ಮತ್ತು ಸರಳತೆ ಎರಡನ್ನೂ ಪರಿಗಣಿಸಿದರೆ ಸ್ಲಿಮ್‌ಲೈನ್‌ಗಿಂತ ಇದೇ ಉತ್ತಮ ಆರಂಭ ಎನ್ನಬಹುದು.

ಕೊಳವೆಯ ಮೇಲಿನ ತೆಳು ಮರ ಸೀಳುವುದಕ್ಕೆ ಉಳಿಯ ಏಟಿಗಿಂತ ದೊಡ್ಡ ಕಾರಣ ತೇವಾಂಶ. ಮರ ಒಣಗಿದಂತೆ ಕುಗ್ಗುತ್ತದೆ, ಹಿತ್ತಾಳೆ ಕುಗ್ಗುವುದಿಲ್ಲ. ಮಳೆಗಾಲದಲ್ಲಿ ಅರೆಹಸಿ ಮರದಿಂದ ಕಡೆದ ಲೇಖನಿಯು ಮಾರ್ಚ್–ಏಪ್ರಿಲ್ ತಿಂಗಳ ಬಿಸಿಲಿಗೆ ಉದ್ದಕ್ಕೆ ಬಿರುಕು ಬಿಡುವುದು ಇದರಿಂದಲೇ. ಎಂಥ ಕಿಟ್ ಆದರೂ ಮರ ಚೆನ್ನಾಗಿ ಒಣಗಿರಬೇಕು.

ಅರಗಿನ ಕೆಲಸಕ್ಕೆ ಒಗ್ಗುವ ಕಿಟ್

ಚನ್ನಪಟ್ಟಣದ ಕಸುಬಿನ ಬೆಳವಣಿಗೆಯನ್ನು ಟಿಪ್ಪು ಸುಲ್ತಾನನ ಪ್ರೋತ್ಸಾಹದೊಂದಿಗೆ ಜೋಡಿಸಿ ಹೇಳುವುದು ವಾಡಿಕೆ. ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ತಂತ್ರಗಳನ್ನು ಇಲ್ಲಿಗೆ ತಂದವರೆಂದು ಬಾವಾಸ್ ಮಿಯಾ ಅವರ ಹೆಸರನ್ನು ಸ್ಮರಿಸಲಾಗುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇಲ್ಲಿನ ಸಾಂಪ್ರದಾಯಿಕ ಮರ ಆಲೆ ಮರ, ಅಂದರೆ ಹಾಲೆ. ಇದು ಬಿಳಿಯ, ನುಣುಪಾದ, ಒತ್ತಾದ ಎಳೆಗಳ ಮೆದು ಮರ.

ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಅನಂತರ ತಾಳೆ ಜಾತಿಯ ಗರಿಯಿಂದ ಉಜ್ಜಿ ಹೊಳಪು ತರಲಾಗುತ್ತದೆ. ಕುಂಚವಿಲ್ಲ, ದ್ರಾವಕವಿಲ್ಲ, ಒಣಗಲು ಕಾಯಬೇಕಿಲ್ಲ. ಗೊಂಬೆಗೆ ಇದು ಸುಲಭ, ಏಕೆಂದರೆ ಗೊಂಬೆ ಗಟ್ಟಿ ಮರದ ಮುದ್ದೆ. ಲೇಖನಿಯಲ್ಲಿ ಮರದ ಕೆಳಗೆ ಹಿತ್ತಾಳೆಯಿದೆ, ಎರಡರ ನಡುವೆ ಅಂಟಿದೆ. ಅರಗು ಸುಮಾರು 65ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವೆ ಮೆದುವಾಗಿ ಕರಗುತ್ತದೆ. ಸೂಪರ್ ಗ್ಲೂ ಎಂದು ಕರೆಯಲಾಗುವ ಸಾಮಾನ್ಯ ಸಯನೋಅಕ್ರಿಲೇಟ್ ಅಂಟು ತಾಳುವ ಮಿತಿಯೂ ಸುಮಾರು 80 ಡಿಗ್ರಿಯೇ. ಮರ ತೆಳುವಾದಷ್ಟೂ ಅರಗಿನ ಶಾಖ ಬೇಗ ಅಂಟಿಗೆ ಮುಟ್ಟುತ್ತದೆ. ಅಂಟು ಸಡಿಲಗೊಂಡರೆ ಕೊಳವೆ ಒಳಗೆ ತಿರುಗತೊಡಗುತ್ತದೆ. ಹಾಗಾಗಿ ಅರಗಿನ ಲೇಖನಿಗೆ ಸ್ಲಿಮ್‌ಲೈನ್‌ನಂಥ ತೆಳು ಕಿಟ್‌ಗಿಂತ ಸಿಗಾರ್‌ನಂಥ ದಪ್ಪ ಕಿಟ್ ಒಗ್ಗುತ್ತದೆ. ತಾಪ ತಾಳುವ ಎರಡು ಭಾಗಗಳ ಎಪಾಕ್ಸಿ ಅಂಟನ್ನು ಬಳಸುವುದು, ಅರಗನ್ನು ಒಂದೇ ಸಲಕ್ಕೆ ಒತ್ತದೆ ಸ್ವಲ್ಪ ಹಚ್ಚಿ ಆರಲು ಬಿಟ್ಟು ಮತ್ತೆ ಹಚ್ಚುವುದು ಕೂಡ ನೆರವಾಗುತ್ತವೆ. ಆಲೆ ಮರ ಮೆದುವಾದ್ದರಿಂದ ಲೋಹದ ಭಾಗವನ್ನು ಒತ್ತುವಾಗ ತುದಿ ಅಗಲಿ ಸೀಳುವ ಅಪಾಯವೂ ಇದೆ. ಕೊಳವೆಯ ಒಳಬಾಯಲ್ಲಿ ಉಳಿದ ಅಂಟನ್ನು ಮೊದಲೇ ಕೆರೆದು ತೆಗೆದರೆ ಈ ಅಪಾಯ ತಗ್ಗುತ್ತದೆ.

ಅಳತೆಯ ಇನ್ನೊಂದು ತೊಡಕು ಅರಗಿನ ದಪ್ಪದ್ದು. ಮರವನ್ನು ಬುಷಿಂಗ್‌ನ ಮಟ್ಟಕ್ಕೆ ಸರಿಯಾಗಿ ಇಳಿಸಿ ಅದರ ಮೇಲೆ ಅರಗು ಹಚ್ಚಿದರೆ ಮರದ ಭಾಗ ಲೋಹದ ಭಾಗಕ್ಕಿಂತ ಉಬ್ಬಿ ಬೆರಳಿಗೆ ತಗಲುತ್ತದೆ. ಅರಗಿನ ದಪ್ಪವನ್ನು ಲೆಕ್ಕಹಾಕಿ ಮರವನ್ನು ಕೂದಲೆಳೆಯಷ್ಟು ಹೆಚ್ಚು ಇಳಿಸಬೇಕಾಗುತ್ತದೆ. ಮೊದಲೇ ಅರ್ಧ ಮಿಲಿಮೀಟರ್ ದಪ್ಪವಿರುವಲ್ಲಿ ಇಳಿಸುವುದಕ್ಕೆ ಉಳಿದಿರುವುದಾದರೂ ಎಷ್ಟು? ದಪ್ಪ ಕಿಟ್ ಆರಿಸಲು ಇದು ಮತ್ತೊಂದು ಕಾರಣ.

ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಿಂದ ಹಿಡಿದರೆ ಹೊಳಪು ಮಂಕಾಗಿ ಬಣ್ಣ ಬೆರಳಿಗೆ ಅಂಟಬಹುದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಮುಂಭಾಗದಲ್ಲಿಟ್ಟರೂ ಅರಗು ಮೆದುವಾಗುತ್ತದೆ. ಬೆರಳು ತಾಗುವ ಜಾಗದಲ್ಲಿ ಲೋಹದ ಅಥವಾ ಪ್ಲಾಸ್ಟಿಕ್‌ನ ಹಿಡಿಯಿರುವ ಕಿಟ್ ಆರಿಸಿದರೆ ಅರಗಿನ ಭಾಗಕ್ಕೆ ಬೆವರು ತಾಗುವುದು ಕಡಿಮೆಯಾಗುತ್ತದೆ. ರೋಲರ್‌ಬಾಲ್ ಮತ್ತು ಫೌಂಟನ್ ಪೆನ್ ಕಿಟ್‌ಗಳಲ್ಲಿ ಇಂಥ ಹಿಡಿ ಇರುತ್ತದೆ. ಅರಗು ಈ ಪ್ರಾಂತದಲ್ಲಿ ಗೊಂಬೆಗಷ್ಟೇ ಸೀಮಿತವಾಗಿರಲಿಲ್ಲ: ಇಂದು ಮತದಾರರ ಬೆರಳಿನ ಶಾಯಿಗೆ ಹೆಸರಾದ ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆಯು 1937ರಲ್ಲಿ ಆರಂಭವಾದದ್ದು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಹೆಸರಿನಲ್ಲಿ.

ಮರ ಮತ್ತು ಕಾನೂನು

ಲೇಖನಿಗೆ ಬೇಕಾಗುವ ಮರ ಒಂದು ಗೇಣಿಗಿಂತ ಕಡಿಮೆ. ಗರಗಸದ ಮಿಲ್ಲಿನಲ್ಲಿ ಉಳಿದ ತುಂಡು, ಹಳೆಯ ಮನೆಯ ತೊಲೆ, ಮುರಿದ ನೇಗಿಲು ಇವುಗಳಿಂದಲೂ ಕಡೆಯಬಹುದು. ಮಂಡ್ಯ ಜಿಲ್ಲೆಯ ಹೊಲದ ಬದುಗಳಲ್ಲಿ ಕಾಣುವ ಮರಗಳಲ್ಲಿ ಹಲಸು ಹಳದಿಯಾಗಿದ್ದು ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ, ಉಳಿಗೂ ಸೌಮ್ಯ. ಹುಣಸೆಯ ಚೇಗು ಬಹಳ ಗಡಸು. ಉಳಿಯನ್ನು ಮತ್ತೆ ಮತ್ತೆ ಸಾಣೆ ಹಿಡಿಯಬೇಕು. ಆದರೆ ತೆಳು ಕಿಟ್ ತಾಳಿಕೊಳ್ಳುವುದು ಇಂಥ ಮರವೇ. ತೆಂಗಿನ ಮರದ ಹೊರಭಾಗದಲ್ಲಿ ಕಪ್ಪು ನಾರಿನ ಚುಕ್ಕೆಗಳು ಸುಂದರವಾಗಿ ಕಾಣುತ್ತವಾದರೂ ನಾರು ಕಿತ್ತುಬರುತ್ತದೆ. ಕಡೆಯುವಾಗ ನಡುನಡುವೆ ತೆಳು ಅಂಟನ್ನು ಕುಡಿಸಿ ಗಟ್ಟಿ ಮಾಡಿಕೊಳ್ಳಬೇಕು. ಇದಕ್ಕೆ ದಪ್ಪ ಕಿಟ್ ಕ್ಷೇಮ.

ಶ್ರೀಗಂಧ ಮತ್ತು ಬೀಟೆಯ ವಿಷಯ ಬೇರೆ. 1963ರ ಕರ್ನಾಟಕ ಅರಣ್ಯ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿಯ ನಂತರ ಸ್ವಂತ ಜಮೀನಿನ ಶ್ರೀಗಂಧದ ಮರ ಬೆಳೆದವರದೇ ಆಗಿದೆ. ಆದರೂ ಕಡಿಯುವುದಕ್ಕೆ ಮತ್ತು ಸಾಗಿಸುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ದಾಖಲೆಯಿಲ್ಲದ ತುಂಡನ್ನು ಚಿಕ್ಕದೆಂದು ಭಾವಿಸಿ ಕೊಳ್ಳುವುದು ಅಪಾಯಕಾರಿ. ಬೀಟೆ ಸೇರಿದಂತೆ ಅದರ ಕುಲದ ಮರಗಳು 2017ರ ಜನವರಿ 2ರಿಂದ ಅಂತರರಾಷ್ಟ್ರೀಯ ವನ್ಯಪ್ರಭೇದ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿವೆ. 2019ರಲ್ಲಿ ಸಿದ್ಧ ವಸ್ತುಗಳಿಗೆ ಒಂದು ರವಾನೆಗೆ 10 ಕಿಲೋಗ್ರಾಂ ಮರದವರೆಗೆ ವಿನಾಯಿತಿ ನೀಡಲಾಯಿತು. ವಿದೇಶದಲ್ಲಿರುವ ಬಂಧುಗಳಿಗೆ ಬೀಟೆಯ ಲೇಖನಿ ಕಳುಹಿಸುವವರಿಗೆ ಈ ಭೇದ ಮುಖ್ಯ: ಸಿದ್ಧ ಲೇಖನಿ ವಿನಾಯಿತಿಯೊಳಗೆ ಬರಬಹುದು, ಕಡೆಯದ ಕಚ್ಚಾ ತುಂಡು ಬರುವುದಿಲ್ಲ.

ಲೋಹದ ಲೇಪ

ಒಂದೇ ಕಿಟ್ ಹಲವು ಲೇಪಗಳಲ್ಲಿ ದೊರೆಯುತ್ತದೆ. 24 ಕ್ಯಾರೆಟ್ ಚಿನ್ನದ ಲೇಪ ಕೇಳಲು ದೊಡ್ಡದು, ಬಾಳಿಕೆಯಲ್ಲಿ ಚಿಕ್ಕದು. ಶುದ್ಧ ಚಿನ್ನ ಮೆದು, ಲೇಪವೂ ತೆಳು. ದಿನವೂ ಬಳಸಿದರೆ ಬೆರಳು ತಾಗುವಲ್ಲಿ ಸವೆದು ಒಳಗಿನ ಲೋಹ ಕಾಣತೊಡಗುತ್ತದೆ. ಚಿನ್ನದ ಬಣ್ಣವೇ ಬೇಕಿದ್ದರೆ ಟೈಟಾನಿಯಂ ನೈಟ್ರೈಡ್ ಲೇಪ ಎಷ್ಟೋ ಗಡಸು. ಬೆಳ್ಳಿಯ ಬಣ್ಣಕ್ಕೆ ಕ್ರೋಮ್ ಅಗ್ಗವೂ ಹೌದು, ಬಾಳುವಂಥದೂ ಹೌದು, ರೋಡಿಯಂ ದುಬಾರಿ. ಮಂಕು ಬೆಳ್ಳಿಯಂತೆ ಕಾಣುವ ಸ್ಯಾಟಿನ್ ನಿಕಲ್ ಬೇಗ ಸವೆಯುತ್ತದೆ, ನಿಕಲ್ ಒಗ್ಗದ ಚರ್ಮದವರಿಗೆ ತುರಿಕೆ ತರಬಹುದು. ಕಪ್ಪು ಬಣ್ಣ ಬಳಿದ ಭಾಗಗಳು ಗೀರಾದಾಗ ಹಿತ್ತಾಳೆಯ ಹಳದಿ ಇಣುಕುತ್ತದೆ. ಹೆಚ್ಚು ಬೆವರುವ ಕೈಗೆ ಮತ್ತು ಕರಾವಳಿಯ ಹವೆಗೆ ಕ್ರೋಮ್ ಸಾಕು.

ಫೌಂಟನ್ ಪೆನ್ ಮತ್ತು ರೋಲರ್‌ಬಾಲ್ ಕಿಟ್‌ಗಳು

ಜೂನಿಯರ್ ಜೆಂಟಲ್‌ಮನ್ ಮುಂತಾದ ಕಿಟ್‌ಗಳು ಎರಡು ರೂಪಗಳಲ್ಲಿ ದೊರೆಯುತ್ತವೆ. ಒಡಲು ಒಂದೇ, ಮುಂಭಾಗ ಬದಲಾದರೆ ರೋಲರ್‌ಬಾಲ್ ಅಥವಾ ಫೌಂಟನ್ ಪೆನ್. ಇವುಗಳಲ್ಲಿ ಮುಚ್ಚಳ ಮತ್ತು ಒಡಲಿಗೆ ಬೇರೆ ಬೇರೆ ವ್ಯಾಸದ ಕೊಳವೆಗಳಿರುವುದರಿಂದ ಎರಡು ಡ್ರಿಲ್ ಮೊನೆಗಳು ಬೇಕಾಗುತ್ತವೆ. ಮುಚ್ಚಳದ ತಿರುಪು ಲೋಹದ್ದೇ ಪ್ಲಾಸ್ಟಿಕ್ಕಿನದೇ ಎಂಬುದನ್ನು ಕೊಳ್ಳುವ ಮುನ್ನ ನೋಡಬೇಕು.

ಅಗ್ಗದ ಫೌಂಟನ್ ಪೆನ್ ಕಿಟ್‌ನ ದುರ್ಬಲ ಅಂಗ ಅದರ ನಿಬ್ಬು. ಕೆರೆಯುವ, ಶಾಯಿ ತಡೆದು ತಡೆದು ಹರಿಯುವ ನಿಬ್ಬಿನಿಂದ ಒಳ್ಳೆಯ ಕಡೆತವೆಲ್ಲ ವ್ಯರ್ಥವಾಗುತ್ತದೆ. 5 ಅಥವಾ 6ನೇ ಸಂಖ್ಯೆಯ ಪ್ರಮಾಣಿತ ನಿಬ್ಬು ಹಿಡಿಯುವ ಕಿಟ್ ಆದರೆ ಮುಂದೆ ಜರ್ಮನಿಯ ಬಾಕ್, ಯೋವೋ ಅಥವಾ ಭಾರತದ ಕಾನ್‌ರೈಟ್ ನಿಬ್ಬುಗಳನ್ನು ಹೊಂದಿಸಿಕೊಳ್ಳುವ ಅವಕಾಶವಿರುತ್ತದೆ. ಶಾಯಿಗೆ ಅಂತರರಾಷ್ಟ್ರೀಯ ಪ್ರಮಾಣದ ಕಾರ್ಟ್ರಿಜ್ ಹಾಗೂ ಕನ್ವರ್ಟರ್ ಎರಡೂ ಹಿಡಿಯುವಂತಿರಬೇಕು. ಕನ್ವರ್ಟರ್ ಇದ್ದರೆ ಸೀಸೆಯ ಶಾಯಿ ತುಂಬಿಸಬಹುದು, ಇದು ಎಲ್ಲ ಕಡೆಯೂ ದೊರೆಯುತ್ತದೆ.

ಕಿಟ್ ಇಲ್ಲದ ಲೇಖನಿಗಳು

ಭಾರತದಲ್ಲಿ ಕೈಯಿಂದ ಕಡೆದ ಫೌಂಟನ್ ಪೆನ್ನಿನ ಪರಂಪರೆ ಕಿಟ್‌ಗಿಂತ ಹಳೆಯದು. ಆಂಧ್ರಪ್ರದೇಶದ ರಾಜಮಹೇಂದ್ರಿಯ ರತ್ನಂ ಪೆನ್ ಸಂಸ್ಥೆ 1932ರಲ್ಲಿ ಸ್ವದೇಶಿ ಚಳವಳಿಯ ಕಾಲದಲ್ಲಿ ಹುಟ್ಟಿತು. ಅಲ್ಲಿ ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಸರಳನ್ನು ಕಡೆದು, ತಿರುಪನ್ನೂ ಅದರಲ್ಲಿಯೇ ಕೆತ್ತಲಾಗುತ್ತದೆ. ಹಿತ್ತಾಳೆ ಕೊಳವೆಯಿಲ್ಲದೆ ಒಡಲೇ ಶಾಯಿಯ ಪಾತ್ರೆಯಾಗುತ್ತದೆ. ಮರದಲ್ಲಿ ಇದನ್ನು ನೇರವಾಗಿ ಮಾಡಲಾಗದು. ಮರ ಶಾಯಿ ಕುಡಿಯುತ್ತದೆ, ಉಬ್ಬುತ್ತದೆ, ಸಣ್ಣ ತಿರುಪು ಅದರಲ್ಲಿ ನಿಲ್ಲುವುದಿಲ್ಲ. ಒಳಗೆ ಎಬೊನೈಟ್ ಅಥವಾ ಅಕ್ರಿಲಿಕ್‌ನ ಅಸ್ತರಿ ಕೊಡಬೇಕಾಗುತ್ತದೆ.

ದುರಸ್ತಿ

ಒತ್ತಿ ಕೂರಿಸಿದ ಕಿಟ್‌ಗಳನ್ನು ಬಿಚ್ಚುವುದು ಸುಲಭವಲ್ಲ. ತಿರುಗಿಸುವ ಯಂತ್ರಾಂಗ ಕೆಟ್ಟಾಗ ಕೊಳವೆಯೊಳಗೆ ಹೊಂದುವ ಕಬ್ಬಿಣದ ಸರಳನ್ನು ತೂರಿಸಿ ಒಳಗಿನಿಂದ ಮೆಲ್ಲನೆ ತಟ್ಟಿ ಹೊರದೂಡಬೇಕು. ಇಕ್ಕಳದಿಂದ ಹಿಡಿದೆಳೆದರೆ ಲೇಪ ಗೀರಾಗುತ್ತದೆ, ಮರ ಸೀಳುತ್ತದೆ. ಕಡೆದು ಮಾರುವವರು ಪ್ರತಿ ಲೇಖನಿಗೆ ಬಳಸಿದ ಕಿಟ್‌ನ ಹೆಸರು, ಕೊಳವೆಯ ಅಳತೆ ಮತ್ತು ರೀಫಿಲ್‌ನ ಮಾದರಿಯನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗಿಟ್ಟರೆ, ಎಷ್ಟೋ ವರ್ಷಗಳ ನಂತರ ಬೇರೆ ಊರಿನಲ್ಲಿ ಬೇರೆಯವರ ಕೈಗೆ ಬಂದಾಗಲೂ ಸರಿಯಾದ ಬಿಡಿಭಾಗವನ್ನು ಹುಡುಕಬಹುದು.